ಪಾಳಿಯಲ್ಲಿ ನಿಂತವರ ನಿದ್ದೆ

ನನಗೆ ಲಾರಿ ಓಡಿಸಲು ಬರುವುದಿಲ್ಲ. ಸ್ಕೂಟಿ ಕೂಡ ಅಷ್ಟಕ್ಕಷ್ಟೆ. ಆದರೂ ರಾಯಚೂರಿನ ಒಂದು ಸರಕು ಸಾಗಣೆ ಕಂಪನಿಯ ಮಹಡಿ ಕೋಣೆಯಲ್ಲಿ ಕೂತು ನಾನು ಓಡಿಸಿದಷ್ಟು ಲಾರಿಗಳನ್ನು ಈ ಜಿಲ್ಲೆಯಲ್ಲಿ ಬೇರೆ ಯಾರೂ ಓಡಿಸಿರಲಿಕ್ಕಿಲ್ಲ. ಎಲ್ಲ ಕಂಪ್ಯೂಟರಿನೊಳಗಿನ ಲಾರಿಗಳು. ಒಂದೂ ಪಂಕ್ಚರ್ ಆಗಲಿಲ್ಲ, ಒಬ್ಬ ಡ್ರೈವರನೂ ರಜೆ ಕೇಳಲಿಲ್ಲ, ಯಾರ ಊರಲ್ಲೂ ಮದುವೆ ಇರಲಿಲ್ಲ. ಅಷ್ಟು ಒಳ್ಳೆಯ ನೌಕರರು ನಿಜ ಜೀವನದಲ್ಲಿ ಸಿಗುವುದಿಲ್ಲವಾದ್ದರಿಂದ ಮಾಲೀಕರಿಗೆ ನನ್ನ ಕಂಪ್ಯೂಟರಿನ ಮೇಲೆ ಬಹಳ ಪ್ರೀತಿ.

ಈಗ ಕಾಲೇಜು ಮುಗಿಸಿ ಇದೇ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆಗೀಗ ಮನೆಗೆ ಬಂದು, ಸಿಮ್ಯುಲೇಶನ್ ಕಲಿಯಲು ಏನು ಓದಬೇಕು ಎಂದು ಕೇಳುತ್ತಾರೆ. ಓದುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸುಳ್ಳು ಲಾರಿಗಳನ್ನು ಸುಳ್ಳು ರಸ್ತೆಯಲ್ಲಿ ಓಡಿಸಿ, ನಾಳೆ ನಿಜವಾದ ಲಾರಿಗಳಿಗೆ ಏನಾದೀತು ಎಂದು ಇಂದೇ ಹೇಳುವ ವಿದ್ಯೆ ಅದು. ಒಂದು ನಿಯಮ ಬಂದರೆ ಎಷ್ಟು ಬಾಡಿಗೆ ತಪ್ಪುತ್ತದೆ, ಎಷ್ಟು ಡ್ರೈವರುಗಳು ಹೆಚ್ಚು ಬೇಕು, ಎಲ್ಲವನ್ನೂ ಹೇಳುತ್ತದೆ. ಆದರೆ ಮಾಲೀಕರಿಗೆ ಯಾವ ಉತ್ತರ ಬೇಕು ಎನ್ನುವುದನ್ನು ಮಾತ್ರ ಅದಕ್ಕೆ ಬೇರೆಯವರೇ ಹೇಳಿಕೊಡಬೇಕು. ನಾನು ಬರೆಯುತ್ತಿರುವುದು ಆ ಭಾಗದ ಬಗ್ಗೆ.

ನಮ್ಮಪ್ಪ ರಾಯಚೂರಿನ ಕಾಳುಕಡಿ ಮಾರುಕಟ್ಟೆಯಾದ ಗಂಜಿನಲ್ಲಿ ಹಮಾಲಿ. ಅವರು ಹೊತ್ತ ಚೀಲಗಳಿಂದಲೇ ನಾನು ಸಂಖ್ಯಾಶಾಸ್ತ್ರ ಓದಿದ್ದು. ನನ್ನ ಕೆಲಸ ಏನೆಂದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ಚೀಲ ಇಲ್ಲ, ಗಾಡಿ ಇಲ್ಲ, ಪಗಾರ ಮಾತ್ರ ಕೊಡ್ತಾರ. ನೌಕರಿ ಚಲೋ ಅದ ಬಿಡವ್ವ," ಎನ್ನುತ್ತಿದ್ದರು.

ನಾನು ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ, ಕರಿಹಲಗೆ ಇತ್ತು. ಯಾವ ಲಾರಿ ಎಲ್ಲಿದೆ ಎಂದು ಬಳಪದಲ್ಲಿ ಬರೆಯುವುದು, ಡ್ರೈವರ್ ಯಾವುದಾದರೂ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ ಅಳಿಸಿ ಮತ್ತೆ ಬರೆಯುವುದು. ಫೋನ್ ಬಾರದಿದ್ದರೆ ಲಾರಿ ಹಲಗೆಯ ಮೇಲೆ ನಿಂತಲ್ಲೇ ನಿಂತಿರುತ್ತಿತ್ತು. ಆಮೇಲೆ ಗೋಡೆಗೆ ನಕಾಶೆ ಬಂತು, ಬಣ್ಣದ ಗುಂಡುಸೂಜಿಗಳು ಬಂದವು. ಆಮೇಲೆ ಪ್ರತಿ ಲಾರಿಗೂ ಉಪಗ್ರಹದಿಂದ ಜಾಗ ತಿಳಿಯುವ ಡಬ್ಬಿ ಕೂರಿಸಿದರು. ಲಾರಿ ಎಲ್ಲಿದೆ, ಎಂಜಿನ್ ಚಾಲೂ ಇದೆಯೋ ಇಲ್ಲವೋ, ಎಲ್ಲವೂ ನಮ್ಮ ಪರದೆಯ ಮೇಲೆ. ಅಂದಿನಿಂದ ಡ್ರೈವರುಗಳು ನಮಗೆ ಫೋನ್ ಮಾಡುವುದನ್ನು ಬಿಟ್ಟರು, ನಾವು ಅವರನ್ನು ಬೈಯುವುದನ್ನು ಶುರು ಮಾಡಿದೆವು.

ನಮ್ಮ ಮಾಲೀಕರು, ಎಲ್ಲರ ಬಾಯಲ್ಲಿ ಸಾವುಕಾರರು, ಶರಣಪ್ಪನವರು. ಒಂದೇ ಲಾರಿಯಿಂದ, ಅದನ್ನೂ ತಾವೇ ಓಡಿಸುತ್ತ, ಮೇಲೆ ಬಂದವರು. ನಾನು ಸೇರುವ ಹೊತ್ತಿಗೆ ದೊಡ್ಡ ಲಾರಿ ಪಡೆಯೂ ಮಾನ್ವಿಯಲ್ಲಿ ಒಂದು ಅಕ್ಕಿ ಗಿರಣಿಯೂ ಅವರ ಕೈಯಲ್ಲಿದ್ದವು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸದಾ ತಮಾಷೆ, ಸಿಟ್ಟು ಬಂದರೆ ಮಾತ್ರ ಮನುಷ್ಯ ಬೇರೆ. ಸಿಮ್ಯುಲೇಶನ್ ಮಾಡಿಸಿದ ಯಾವುದೋ ಕಂಪನಿ ಉದ್ಧಾರವಾಯಿತೆಂದು ಯಾರೋ ಅವರ ಕಿವಿಗೆ ಹಾಕಿದರು. ಹೈದರಾಬಾದಿನಿಂದ ಪ್ರಸಾದ್ ಎಂಬ ತಜ್ಞ ಬಂದಿಳಿದರು.

ಪ್ರಸಾದ್ ಒಳ್ಳೆಯ ಹುಡುಗ. ಕೆಲವು ವಾರ ದುಡಿದು, ಪರದೆಯ ಮೇಲೆ ನಮ್ಮ ಲಾರಿಗಳನ್ನೆಲ್ಲ ಚುಕ್ಕೆಗಳಾಗಿ ಓಡಿಸಿ ತೋರಿಸಿದರು. ಎಲ್ಲರೂ ಬೆರಗಾಗಿ ನೋಡುತ್ತಿದ್ದಾಗ ಸಾವುಕಾರರು ಕೇಳಿದರು. "ಇದರಾಗ ಅಮಾಸಿ ಎಲ್ಲಿ ಅದರಿ?"

"ಭಾನುವಾರ ರಜೆ ಹಾಕಿದೀನಿ ಸರ್," ಎಂದರು ಪ್ರಸಾದ್.

"ಐತಾರ ನಮ್ಮ ಮಂದಿ ದುಡೀತಾರ್ರಿ. ಅಮಾಸಿ ದಿನ ಗಾಡಿಗೆ ಪೂಜಿ ಮಾಡಿ ನಿಂದರಸ್ತೀವಿ, ಹಮಾಲರೂ ಬರಂಗಿಲ್ಲ. ನಿಮ್ಮ ಗಾಡಿ ನೋಡಿದ್ರ ಅಮಾಸಿ ದಿನ ಮಾಲು ತುಂಬಾಕತ್ತಾವ. ಯಾರು ತುಂಬ್ಯಾರ, ದೆವ್ವ ಏನು?"

ಪ್ರಸಾದ್ ಅಂದೇ ಅಮಾವಾಸ್ಯೆ ಸೇರಿಸಿದರು. ಸರಿಯಾಗಿ ಮೂವತ್ತು ದಿನಕ್ಕೊಂದು. ವರ್ಷದ ಕೊನೆಗೆ ಬರುವಷ್ಟರಲ್ಲಿ ಕಂಪ್ಯೂಟರಿನ ಅಮಾವಾಸ್ಯೆಯ ದಿನ ಊರಿನ ಆಕಾಶದಲ್ಲಿ ಚಂದ್ರ ಕಾಣುತ್ತಿದ್ದ. ಕೊನೆಗೆ ನಾನೇ ಗೋಡೆಯ ಕ್ಯಾಲೆಂಡರ್ ನೋಡಿ ಒಂದೊಂದಾಗಿ ತುಂಬಿದೆ.

ಇನ್ನೊಂದು ಎಡವಟ್ಟು ಚಾಲನೆಯ ತಾಸುಗಳದು. ದಿನಕ್ಕೆ ಎಂಟು ತಾಸು ಮುಗಿದರೆ ಡ್ರೈವರ್ ನಿಲ್ಲಿಸಿ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂಬ ನಿಯಮವನ್ನು ಪ್ರಸಾದ್ ಕಂಪ್ಯೂಟರಿಗೆ ಕಲಿಸಿದರು. ಕಂಪ್ಯೂಟರಿನ ಡ್ರೈವರುಗಳು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ದೇವದುರ್ಗ ದಾಟಿದ ಮೇಲೆ ಸಿಗುವ ಕೃಷ್ಣಾ ಸೇತುವೆಯ ನಟ್ಟನಡುವೆ ಒಂದು ಚುಕ್ಕೆ ನಿಂತುಬಿಟ್ಟಿತು. ಅದರ ತಾಸು ಅಲ್ಲಿಗೆ ಮುಗಿದಿತ್ತು. ಮರುದಿನದವರೆಗೂ ಅದು ಅಲ್ಲೇ ಮಲಗಿತು, ಹಿಂದಿನ ಚುಕ್ಕೆಗಳೆಲ್ಲ ಅದರ ಮೈಯೊಳಗಿಂದಲೇ ಹಾದು ಹೋದವು. ಅದನ್ನು ಸರಿಪಡಿಸಿದಾಗ ಆ ದಾರಿಯ ಲಾರಿಗಳೆಲ್ಲ ಜಾಲಹಳ್ಳಿಯ ಒಂದೇ ಧಾಬಾದಲ್ಲಿ ನಿಂತವು. "ಆ ಧಾಬಾದಾಂವ ನನಗ ಪಾಲು ಕೊಡಬೇಕು," ಎಂದು ಸಾವುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಸಾದ್ ತಮ್ಮ ಸಂಭಾವನೆ ಪಡೆದು ಹೈದರಾಬಾದಿಗೆ ಹೋದರು. ಚುಕ್ಕೆಗಳು ನನ್ನ ಪಾಲಿಗೆ ಬಂದವು.

ಎಂಟು ತಾಸಿನ ನಿಯಮ ಹೊಸದೇನಲ್ಲ. ಮೊದಲಿನಿಂದಲೂ ಪುಸ್ತಕದಲ್ಲಿತ್ತು, ಪುಸ್ತಕ ಕಪಾಟಿನಲ್ಲಿತ್ತು. ನಾನು ನಿವೃತ್ತಿಯಾಗುವ ಹಿಂದಿನ ವರ್ಷ, ಇನ್ನು ಮುಂದೆ ಡಬ್ಬಿಯ ಮಾಹಿತಿ ನೋಡಿ ನಿಯಮವನ್ನು ನಿಜವಾಗಿಯೂ ಜಾರಿ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಲಾರಿ ಮಾಲೀಕರಿಗೆಲ್ಲ ಎದೆ ಝಲ್ಲೆಂದಿತು. ಸರ್ಕಾರಕ್ಕೆ ಮನವಿ ಕೊಡಲು ಸಭೆ ಕರೆದರು.

ಸಾವುಕಾರರು ನನ್ನ ಕೋಣೆಗೆ ಬಂದರು. "ಯವ್ವಾ ಸುಜಾತಾ, ಈ ನಿಯಮ ಬಂದ್ರ ನಾವು ಮುಳಗತೀವಿ ಅಂತ ನಿನ್ನ ಕಂಪ್ಯೂಟರಿನ ಕಡಿಂದ ಹೇಳಸು."

"ನೋಡಿ ಹೇಳತೀನ್ರಿ."

"ನೋಡೂದೇನದ, ಮುಳಗತೀವಿ."

ನಮ್ಮ ಕಂಪ್ಯೂಟರ್ ಮಾದರಿಯಲ್ಲಿ ಒಂದು ಪ್ರಶ್ನೆಗೆ ಮಾತ್ರ ನಾವೇ ಉತ್ತರ ತುಂಬಬೇಕಿತ್ತು. ಮಾಲು ತುಂಬಲು ಗಿರಣಿಯ ಮುಂದೆ ಪಾಳಿಯಲ್ಲಿ, ಅಂದರೆ ಲಾರಿಗಳ ಸರದಿ ಸಾಲಿನಲ್ಲಿ, ನಿಂತ ಹೊತ್ತು ಡ್ರೈವರನಿಗೆ ಕೆಲಸವೋ, ವಿಶ್ರಾಂತಿಯೋ? ಕೆಲಸ ಎಂದರೆ ಎಂಟು ತಾಸು ಪಾಳಿಯಲ್ಲೇ ಕರಗಿಹೋಗುತ್ತದೆ, ಲಾರಿ ರಸ್ತೆಗೆ ಇಳಿಯುವುದೇ ಕಷ್ಟ. ವಿಶ್ರಾಂತಿ ಎಂದರೆ ನಿಯಮದಿಂದ ಕೂದಲೂ ಕೊಂಕುವುದಿಲ್ಲ. ಸಾವುಕಾರರು ಒಂದು ಕ್ಷಣವೂ ಯೋಚಿಸದೆ "ಕೆಲಸ" ಎಂದರು. ಚುಕ್ಕೆಗಳು ಓಡಿದವು, ಸಾಲುಸಾಲಾಗಿ ನಿಂತವು, ಕಂಪನಿ ಪರದೆಯ ಮೇಲೆ ಸೊಗಸಾಗಿ ಮುಳುಗಿತು. ಕೆಂಪು ನಕ್ಷೆಗಳನ್ನು ಸಭೆಯಲ್ಲಿ ತೋರಿಸಿದಾಗ ಒಬ್ಬ ಮಾಲೀಕರು ಕಣ್ಣೊರೆಸಿಕೊಂಡರಂತೆ.

ಅದೇ ಹುರುಪಿನಲ್ಲಿ ಸಾವುಕಾರರು ರಸ್ತೆ ಸುರಕ್ಷತೆಯ ಸಮಾರಂಭವೊಂದನ್ನೂ ಮಾಡಿದರು. ಡ್ರೈವರುಗಳಿಗೆಲ್ಲ ಟೋಪಿ, ಉಪ್ಪಿಟ್ಟು. ವೇದಿಕೆಯ ಮೇಲೆ ನಿಂತು, "ನನ್ನ ಡ್ರೈವರಗ ನಿದ್ದಿ ಬಂತಂದ್ರ ಗಾಡಿ ಬಾಜೂಕ ಹಾಕಿ ಮಲಗಲಿ, ನಾ ಏನೂ ಅನ್ನಂಗಿಲ್ಲ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೌನೇಶನೂ ತಟ್ಟಿದ. ಅವನೊಬ್ಬ ಮಾತ್ರ ಆ ಮಾತನ್ನು ನಂಬಿಯೂ ಬಿಟ್ಟ.

ಮೌನೇಶ ಜಾಲಹಳ್ಳಿಯವನು. ನಲವತ್ತರ ಆಸುಪಾಸು, ಮಾತು ಕಡಿಮೆ, ವರ್ಷಗಟ್ಟಲೆ ನಮ್ಮಲ್ಲೇ ಓಡಿಸಿದವನು. ಸಮಾರಂಭವಾಗಿ ಹೆಚ್ಚು ದಿನ ಆಗಿರಲಿಲ್ಲ. ಮಾನ್ವಿಯ ನಮ್ಮ ಗಿರಣಿಯ ಮುಂದೆ ಹಿಂದಿನ ದಿನದಿಂದ ಪಾಳಿಯಲ್ಲಿ ನಿಂತಿದ್ದ ಅವನ ಲಾರಿಗೆ ಮಧ್ಯಾಹ್ನ ಅಕ್ಕಿ ತುಂಬಿದರು. ಸಂಜೆ ಹೊರಡುವ ಗೂಡ್ಸ್ ರೈಲಿಗೆ ಅದು ರಾಯಚೂರಿನಲ್ಲಿ ಸಿಗಬೇಕಿತ್ತು. ಕಲ್ಮಲದ ಹತ್ತಿರ ಬರುವಷ್ಟರಲ್ಲಿ ಅವನ ಕಣ್ಣುಗಳು ಮುಚ್ಚತೊಡಗಿದವು. ಒಂದು ಬೇವಿನ ಮರದ ಕೆಳಗೆ ಲಾರಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮಲಗಿಬಿಟ್ಟ. ರೈಲು ಹೋಯಿತು. ಅಕ್ಕಿ ಕಲ್ಮಲದಲ್ಲೇ ಉಳಿಯಿತು.

ಮರುದಿನವೇ ಅವನನ್ನು ಕೆಲಸದಿಂದ ತೆಗೆದರು. ಅಷ್ಟೇ ಆಗಿದ್ದರೆ ಬೇರೆ ಕಡೆ ಸೇರುತ್ತಿದ್ದ. ಆದರೆ 'ಮಲಗೋ ಡ್ರೈವರ್' ಎಂಬ ಹೆಸರು ಅವನಿಗಿಂತ ಮೊದಲೇ ರಾಯಚೂರು, ಮಾನ್ವಿ, ದೇವದುರ್ಗದ ಎಲ್ಲ ಮಾಲೀಕರ ಬಳಿ ತಲುಪಿತ್ತು. ಯಾರೂ ಕೀಲಿಕೈ ಕೊಡಲಿಲ್ಲ. ಅವನು ಕಾರ್ಮಿಕ ಅಧಿಕಾರಿಗಳಿಗೆ ದೂರು ಕೊಟ್ಟ. ಕೊಟ್ಟ ಮೇಲೆ, ಹೆದರಿಕೆಯಾಗಿ, ನನ್ನ ಬಳಿ ಬಂದ.

"ಅಕ್ಕಾರ, ನಾ ಕುಡದಿದ್ದಿಲ್ರಿ. ಗಾಡಿ ಎಲ್ಲೂ ಹೊಡದಿಲ್ರಿ. ಮಲಗಲಿಲ್ಲ ಅಂದ್ರ ಹೊಡಿತಿದ್ದೆ. ನನಗ ಇದು ಬಿಟ್ರ ಬ್ಯಾರೆ ಕೆಲಸ ಬರಂಗಿಲ್ರಿ."

ಚಹಾ ಕುಡಿಸಿ ಕಳಿಸಿದೆ.

ವಿಚಾರಣೆಯ ದಿನ ಗೊತ್ತಾಗುತ್ತಲೇ ಸಾವುಕಾರರು ಮತ್ತೆ ಮೇಲೆ ಬಂದರು. "ಅಂವ ಮಾನ್ವಿಯಾಗ ಪಾಳಿಯೊಳಗ ಬೇಕಾದಷ್ಟು ಮಲಗಿದ್ದ. ಮತ್ತ ಕಲ್ಮಲದಾಗ ಯಾಕ ಮಲಗಬೇಕು? ಅದನ್ನ ಕಂಪ್ಯೂಟರಿನಾಗ ತಗದು ಕೊಡು."

"ಹೋದ ಸಲ ಪಾಳಿ ಅಂದ್ರ ಕೆಲಸ ಅಂದಿದ್ರಲ್ರಿ."

"ಅದು ಸರಕಾರಕ್ಕ. ಇದು ಮೌನೇಶಗ."

ಅವರು ಇದನ್ನು ನಾಚಿಕೆಯಿಂದ ಹೇಳಲಿಲ್ಲ, ಕುತಂತ್ರದಿಂದಲೂ ಹೇಳಲಿಲ್ಲ. ಬಿಸಿಲಿಗೊಂದು ಅಂಗಿ, ಚಳಿಗೊಂದು ಅಂಗಿ ಎನ್ನುವಷ್ಟು ಸಹಜವಾಗಿ ಹೇಳಿದರು. ಮುಂದೆ ನಿಮಗೂ ಇಂಥ ಮಾಲೀಕರು ಸಿಗುತ್ತಾರೆ, ಅವರನ್ನು ದುಷ್ಟರೆಂದು ತಿಳಿಯಬೇಡಿ. ಅವರಿಗೆ ಎರಡು ಸತ್ಯಗಳು ಬೇಕಾಗಿರುತ್ತವೆ, ಅಷ್ಟೆ.

ಮೌನೇಶನ ಲಾರಿಯ ಡಬ್ಬಿಯ ಮಾಹಿತಿ ತೆರೆದೆ. ಮೊದಲ ನೋಟಕ್ಕೆ ಸಾವುಕಾರರೇ ಗೆದ್ದರು. ಪಾಳಿಯಲ್ಲಿ ನಿಂತಷ್ಟು ಹೊತ್ತೂ ಎಂಜಿನ್ ಬಂದ್. ಎಂಜಿನ್ ಬಂದ್ ಎಂದರೆ ಡ್ರೈವರನಿಗೆ ವಿಶ್ರಾಂತಿ ಎಂದು ಮಾದರಿ ಹಿಡಿಯುತ್ತದೆ. ಆದರೆ ಒಂದು ವಿಚಿತ್ರ ಕಂಡಿತು. ಎಂಜಿನ್ ಬಂದ್ ಆಗಿದ್ದ ಲಾರಿ ಸ್ವಲ್ಪಸ್ವಲ್ಪವೇ ಮುಂದೆ ಹೋಗಿತ್ತು. ಪಾಳಿಯ ಬಾಲದಲ್ಲಿದ್ದದ್ದು ಮರುದಿನ ಗಿರಣಿಯ ಗೇಟಿನಲ್ಲಿತ್ತು. ನಿಂತ ಲಾರಿ ಅಲುಗಾಡಿದಂತೆ ಕಂಡರೆ ಅದು ಉಪಗ್ರಹದ ತಪ್ಪು, ಅಳಿಸಿಬಿಡಿ ಎಂದು ಪ್ರಸಾದ್ ಹೇಳಿಕೊಟ್ಟಿದ್ದರು. ನಾವು ಅಲ್ಲಿಯವರೆಗೆ ಅಳಿಸುತ್ತಲೇ ಬಂದಿದ್ದೆವು. ಆದರೆ ಉಪಗ್ರಹ ತಪ್ಪು ಮಾಡಿದರೆ ಅತ್ತಲೂ ಮಾಡಬೇಕು, ಇತ್ತಲೂ ಮಾಡಬೇಕು. ಇದು ಪ್ರತಿ ಸಲವೂ ಗೇಟಿನ ಕಡೆಗೇ ತಪ್ಪುತ್ತಿತ್ತು.

ಮರುದಿನ ಬೆಳಿಗ್ಗೆ ಮಾನ್ವಿಯ ಬಸ್ಸು ಹತ್ತಿದೆ.

ಗಿರಣಿಯ ಮುಂದಿನ ರಸ್ತೆ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಅಷ್ಟು ವರ್ಷದಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಖಾಲಿ ಲಾರಿಗಳು ಉದ್ದಕ್ಕೆ ನಿಂತಿದ್ದವು. ಖಾಜಾ ಎಂಬ ನಮ್ಮ ಡ್ರೈವರ್ ತನ್ನ ಕ್ಯಾಬಿನ್ನಿನಲ್ಲಿ ಜಾಗ ಮಾಡಿಕೊಟ್ಟ. ಮುಂದಿನ ಲಾರಿ ಸರಿದಾಗ ಅವನು ಬ್ರೇಕ್ ಬಿಟ್ಟ. ಲಾರಿ ಸದ್ದಿಲ್ಲದೆ ಉರುಳಿತು. ಎಂಜಿನ್ ಬಂದ್ ಇದ್ದುದರಿಂದ ಸ್ಟೇರಿಂಗ್ ಕಲ್ಲಾಗಿತ್ತು, ಎರಡೂ ಕೈಯಲ್ಲಿ ಎಳೆದು ತಿರುಗಿಸಿದ. ಮತ್ತೆ ಬ್ರೇಕ್. ಹಿಂದಿನವನೂ ಹಾಗೆಯೇ ಮಾಡಿದ. ಇಡೀ ಸಾಲು ಒಂದು ಲಾರಿಯಷ್ಟು ಮುಂದೆ ಬಂತು. ಒಂದು ಎಂಜಿನ್ನೂ ಸದ್ದು ಮಾಡಲಿಲ್ಲ.

"ಎಂಜಿನ್ ಯಾಕ ಹಚ್ಚಂಗಿಲ್ಲ?" ಎಂದೆ.

"ಡೀಸೆಲ್ ಉಳದ್ರ ಅದರ ರೊಕ್ಕ ನಮಗ ಬಿಟ್ಟಾರ್ರಿ ಅಕ್ಕಾರ. ಹೆಜ್ಜಿ ಹೆಜ್ಜಿಗೆ ಹಚ್ಚಿದ್ರ ಏನು ಉಳೀತದ?"

"ನಡುವ ಒಂದೀಟು ಮಲಗಬಾರದೇನು?"

"ಮಲಗಿದ್ರ ಹಿಂದಿನಾಂವ ಬಾಜೂಕಿಂದ ಮುಂದ ಹೋಗಿ ನಿಂದರತಾನ್ರಿ. ಜಗಳ ಮಾಡಂಗಿಲ್ಲ. ಮಲಗಿದಾಂವನ ಪಾಳಿ ಹೋತು, ಅಷ್ಟ. ಮಲಗಿದವರ ಪಾಳಿ ನಾನೂ ಹೊಡದೀನಿ."

ಮಧ್ಯಾಹ್ನದವರೆಗೆ ಕೂತೆ. ಸೆಕೆಗೆ ನನಗೇ ಜೊಂಪು ಹತ್ತಿತು. ಎಚ್ಚರಾದಾಗ ಲಾರಿ ಒಂದಿಷ್ಟು ಮುಂದೆ ಬಂದಿತ್ತು, ಖಾಜಾ ಸ್ಟೇರಿಂಗ್ ಹಿಡಿದುಕೊಂಡು ಮುಂದಿನ ಲಾರಿಯ ಬೆನ್ನನ್ನೇ ನೋಡುತ್ತಿದ್ದ. ಆ ಪಾಳಿಯಲ್ಲಿ ಅಂದು ನಿದ್ದೆ ಮಾಡಿದವಳು ನಾನೊಬ್ಬಳೇ.

ಸಾವುಕಾರರಿಗೆ ಹೋಗಿ ಕಂಡದ್ದನ್ನು ಹೇಳಿದೆ. "ನಿನಗ ಮಾನ್ವಿಗೆ ಹೋಗು ಅಂದಾರ್ಯಾರು? ವರದಿ ಕೊಡು," ಎಂದರು. ಕೊಟ್ಟೆ. ಅವರು ಹೇಳಿದಂತೆಯೇ, ಪಾಳಿಯನ್ನು ವಿಶ್ರಾಂತಿ ಎಂದು ಹಿಡಿದು. ಹಸಿರು ನಕ್ಷೆಗಳ ನಡುವೆ ನಮ್ಮ ಡ್ರೈವರುಗಳು ಜಿಲ್ಲೆಯ ಪರಮ ಸುಖಿಗಳಾಗಿ ಕಂಡರು. ಆದರೆ ಏನೇನು ಊಹಿಸಿಕೊಂಡು ಲೆಕ್ಕ ಹಾಕಿದ್ದೇವೆಂದು ವರದಿಯ ಕೊನೆಯ ಪುಟದಲ್ಲಿ ಬರೆಯುವುದು ಈ ಕೆಲಸದ ಪದ್ಧತಿ. ಅದನ್ನು ನಾನು ಎಂದೂ ಬಿಟ್ಟವಳಲ್ಲ, ನೀವೂ ಬಿಡಬೇಡಿ. ಅಲ್ಲಿ ಬರೆದೆ: 'ಪಾಳಿಯ ಹೊತ್ತನ್ನು ಮಾಲೀಕರ ಸೂಚನೆಯಂತೆ ವಿಶ್ರಾಂತಿ ಎಂದು ಹಿಡಿಯಲಾಗಿದೆ. ಡ್ರೈವರ್ ಮಲಗಿರುವಾಗ ಲಾರಿ ತಾನಾಗಿಯೇ ಮುಂದೆ ಹೋಗುತ್ತದೆ ಎಂದು ಭಾವಿಸಲಾಗಿದೆ.' ಆ ಪುಟವನ್ನು ನಮ್ಮ ಕಂಪನಿಯಲ್ಲಿ ಯಾರೂ ಓದಿದ್ದಿಲ್ಲ. ಅಂದೂ ಓದಲಿಲ್ಲ.

ವಿಚಾರಣೆಗೆ ಸಾವುಕಾರರು, ವಕೀಲರು, ನಾನು ಒಂದೇ ಕಾರಿನಲ್ಲಿ ಹೋದೆವು. ಮೌನೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಬಳಿ ನಿಂತಿದ್ದ. ಅಧಿಕಾರಿ ನಡುವಯಸ್ಸಿನ ಹೆಣ್ಣುಮಗಳು. ವರದಿಯನ್ನು ಕೈಗೆ ಕೊಟ್ಟ ಕೂಡಲೇ ಹಿಂದಿನಿಂದ ತೆರೆದರು. ಕೆಲವರಿಗೆ ಆ ಅಭ್ಯಾಸವಿರುತ್ತದೆ.

"ಲಾರಿ ತಾನಾಗಿಯೇ ಮುಂದೆ ಹೋಗ್ತದೇನ್ರಿ?" ಎಂದು ನನ್ನನ್ನು ಕೇಳಿದರು.

"ಕಂಪ್ಯೂಟರಿನಾಗ ಹೋಗ್ತದ್ರಿ ಮೇಡಂ."

"ಮಾನ್ವಿಯಲ್ಲಿ?"

ವಕೀಲರು ಕೆಮ್ಮಿದರು. ಸಾವುಕಾರರು ನನ್ನ ಕಡೆ ತಿರುಗಿದರು. ಮೌನೇಶನ ಕಡೆ ನೋಡಿದರೆ ಮಾತು ನಿಂತೀತೆಂದು ಮೇಜನ್ನೇ ನೋಡುತ್ತ ಹೇಳಿದೆ. "ಮಾನ್ವಿಯಾಗ ಡ್ರೈವರ್ ಎಚ್ಚರಿದ್ದು ಬ್ರೇಕ್ ಬಿಡಬೇಕ್ರಿ. ಎಂಜಿನ್ ಹಚ್ಚಂಗಿಲ್ಲ, ಅದಕ್ಕ ಡಬ್ಬಿಯಾಗ ಕಾಣಂಗಿಲ್ಲ. ನಾ ಹೋಗಿ ಕುಂತು ನೋಡೀನ್ರಿ."

ವಕೀಲರು ಎದ್ದರು. ಈ ಮೇಡಂ ಲೆಕ್ಕದವರು, ಒಂದು ದಿನ ನೋಡಿದ್ದಾರೆ, ಅವರಿಗೆ ಲಾರಿಯ ಅನುಭವವಿಲ್ಲ ಎಂದರು. ಪಾಳಿಯಲ್ಲಿ ಡ್ರೈವರುಗಳು ಆರಾಮವಾಗಿ ಮಲಗುತ್ತಾರೆ, ಇದು ಎಲ್ಲರಿಗೂ ಗೊತ್ತಿರುವುದು, ನಮ್ಮ ಸಾವುಕಾರರೇ ವರ್ಷಗಟ್ಟಲೆ ಆ ಪಾಳಿಯಲ್ಲಿ ನಿಂತು ಬಂದವರು, ಬೇಕಾದರೆ ಅವರನ್ನೇ ಕೇಳಿ ಎಂದರು. ಅವರ ವಾದ ಅಲ್ಲಿಯವರೆಗೆ ಚೆನ್ನಾಗಿತ್ತು.

ಅಧಿಕಾರಿ ಸಾವುಕಾರರ ಕಡೆ ತಿರುಗಿ ಗೌರವದಿಂದಲೇ ಕೇಳಿದರು. "ನೀವು ಡ್ರೈವರ್ ಇದ್ದಾಗ ಪಾಳಿಯಲ್ಲಿ ಮಲಗ್ತಿದ್ರೇನ್ರಿ ಯಜಮಾನ್ರೆ?"

"ನಾನಾ?" ಸಾವುಕಾರರು ಕುರ್ಚಿಯಲ್ಲಿ ನೆಟ್ಟಗಾದರು. "ಪಾಳಿಯಾಗ ಮಲಗಿದ್ರ ನಾ ಸಾವುಕಾರ ಆಗತಿದ್ದೆ ಏನ್ರಿ? ಕಣ್ಣಿಗೆ ನೀರು ಹೊಡಕೊಂಡು ಕುಂದರತಿದ್ದೆ. ಮುಂದಿನಾಂವ ತೂಕಡಿಸಿದಾ ಅಂದ್ರ ಸಾಕು, ದಾಟಿಸಿಬಿಡತಿದ್ದೆ. ಪಾಳಿಯಾಗ ಮಲಗಾಂವ ಡ್ರೈವರೇ ಅಲ್ರಿ."

ಅಧಿಕಾರಿ ಬರೆದುಕೊಂಡರು. ವಕೀಲರು ಪೆನ್ನಿನ ಟೋಪಿ ಹಾಕಿ ಜೇಬಿಗಿಟ್ಟರು. ಸಾವುಕಾರರ ಮುಖದಲ್ಲಿ ಇನ್ನೂ ಹಳೆಯ ಗೆಲುವು ಕಳೆಕಟ್ಟಿತ್ತು.

ಮೌನೇಶನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆಯಿತು. ವಾಪಸು ಬರುವಾಗ, ಕಾರು ಆಫೀಸಿನ ಹತ್ತಿರ ಬಂದಾಗ, ಸಾವುಕಾರರು ಕೇಳಿದರು. "ಯವ್ವಾ, ನಾ ಏನು ತಪ್ಪು ಹೇಳಿದೆ?"

"ಏನೂ ಇಲ್ರಿ. ಖರೇನ ಹೇಳಿದ್ರಿ."

"ಅದೇ ತಪ್ಪಾತು," ಎಂದರು.

ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ, ನಿವೃತ್ತಿಗೆ ಹೇಗೂ ಹತ್ತಿರವಿದ್ದೆ. ಮಾತು ಬಿಟ್ಟರು. ಆ ಬಿಡುವಿನಲ್ಲಿ ಯಾರೂ ಕೇಳದ ಮೂರನೆಯ ಲೆಕ್ಕವೊಂದನ್ನು ಓಡಿಸಿದೆ. ಗಿರಣಿಯಲ್ಲಿ ಬಂದವರಿಗೆ ಬಂದಂತೆ ನಂಬರಿನ ಟೋಕನ್ ಕೊಟ್ಟು, ನಂಬರು ಕೂಗುವವರೆಗೆ ಡ್ರೈವರುಗಳನ್ನು ಸೀಟಿನಿಂದ ಇಳಿಸಿ ಮಲಗಲು ಬಿಟ್ಟರೆ ಏನಾಗುತ್ತದೆ? ಎಂಟು ತಾಸಿನ ನಿಯಮ ಜಾರಿಯಾದರೂ ಕಂಪನಿ ಮುಳುಗಲಿಲ್ಲ, ಸ್ವಲ್ಪ ಒದ್ದೆಯಾಯಿತು ಅಷ್ಟೆ. ಮುಳುಗಿಸುತ್ತಿದ್ದದ್ದು ಪಾಳಿ. ಕಾಗದವನ್ನು ಸಾವುಕಾರರ ಮೇಜಿನ ಮೇಲಿಟ್ಟೆ.

ಅವರು ಬಹಳ ಹೊತ್ತು ನೋಡಿದರು. "ಅಂದ್ರ ನಿಯಮದ್ದಲ್ಲ ತಪ್ಪು, ಗಿರಣಿದು ಅಂತೀ."

"ಹೌದ್ರಿ."

"ಗಿರಣಿ ಯಾರದು?"

"ನಿಮ್ಮದ್ರಿ."

ಅವರು ನಗಲಿಲ್ಲ. ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ತಿಂಗಳೊಪ್ಪತ್ತಿನಲ್ಲಿ ಮಾನ್ವಿಯಲ್ಲಿ ಟೋಕನ್ ಬಂತು, ಗಿರಣಿಯ ಹಿಂದೆ ಒಂದು ತಗಡಿನ ಶೆಡ್ಡು ಎದ್ದಿತು, ಅದರಲ್ಲಿ ನವಾರಿನ ಮಂಚಗಳು ಬಂದವು. ಎಲ್ಲವೂ ಅವರದೇ ಆಲೋಚನೆ ಎಂದು ಮಾಲೀಕರ ಸಭೆಯಲ್ಲಿ ತೀರ್ಮಾನವಾಯಿತು. ನಾನು ಆಕ್ಷೇಪಿಸಲಿಲ್ಲ. ಲೆಕ್ಕ ಯಾರ ಹೆಸರಿನಲ್ಲಿ ಹೋದರೂ ಹೋಗಲಿ, ಹೋಗಬೇಕಾದಲ್ಲಿಗೆ ಹೋದರೆ ಸಾಕು.

ನಿವೃತ್ತಿಗೆ ಮುಂಚಿನ ವಾರ ಕೊನೆಯ ಸಲ ಮಾನ್ವಿಗೆ ಹೋದೆ. ಸಾವುಕಾರರು ದೇವದುರ್ಗದಿಂದ ಬಂದ ನಾಲ್ಕಾರು ಮಾಲೀಕರಿಗೆ ಶೆಡ್ಡು ತೋರಿಸುತ್ತಿದ್ದರು. ಸುಡು ಮಧ್ಯಾಹ್ನ, ಫ್ಯಾನು ತಿರುಗುತ್ತಿತ್ತು. ಎರಡನೆಯ ಮಂಚದ ಮೇಲೆ ಮೌನೇಶ ಮಲಗಿದ್ದ, ಟೋಕನ್ ಅಂಗಿಯ ಜೇಬಿನಲ್ಲಿ ಕಾಣುತ್ತಿತ್ತು. ಆಚೆ ಹಮಾಲರೊಬ್ಬರು ಚೀಲವನ್ನು ಧೊಪ್ಪನೆ ಇಳಿಸಿದರು. ಸಾವುಕಾರರು ತಿರುಗಿ, ಸಣ್ಣ ದನಿಯಲ್ಲಿ ಗದರಿದರು.

"ಸಾವಕಾಶ ಇ‍ಳಸ್ರೋ. ಮಂದಿ ಮಲಗ್ಯಾರ."

ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಹೊರಗೆ ಮೌನೇಶನ ಲಾರಿ ಖಾಲಿ ಸೀಟಿನೊಂದಿಗೆ ನಿಂತಿತ್ತು, ಹಿಂದಿನವರು ಯಾರೂ ಅದನ್ನು ದಾಟಿಕೊಂಡು ಹೋಗಿರಲಿಲ್ಲ. ಇಷ್ಟು ವರ್ಷ ನಾನು ಹಾಕಿದ ಲೆಕ್ಕಗಳ ಫಲಿತಾಂಶವೆಲ್ಲ ಪರದೆಯ ಮೇಲೆ ಹುಟ್ಟಿ ಪರದೆಯ ಮೇಲೆಯೇ ಸತ್ತಿತ್ತು. ಕಣ್ಣಾರೆ ಕಂಡ ಫಲಿತಾಂಶ ಇದೊಂದೇ. ಅದು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿತ್ತು.